ಓಟದ ಸಮಯಕ್ಕೆ ಎಕ್ಸೆಲ್‌ನ ಲೆಕ್ಕ

2024ರ ಆಗಸ್ಟ್ 4ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫೈನಲ್ ಮುಗಿದಾಗ ಅಮೆರಿಕದ ನೋವಾ ಲೈಲ್ಸ್, ಜಮೈಕಾದ ಕಿಶೇನ್ ಥಾಂಪ್ಸನ್ ಇಬ್ಬರಿಗೂ ಸಿಕ್ಕ ಸಮಯ 9.79 ಸೆಕೆಂಡ್. ಚಿನ್ನ ಮಾತ್ರ ಲೈಲ್ಸ್‌ಗೆ. ಮುಕ್ತಾಯದ ಗೆರೆಯ ಮೇಲೆ ಕಣ್ಣಿಟ್ಟಿದ್ದ ಫೋಟೊ ಫಿನಿಶ್ ಕ್ಯಾಮೆರಾದ ಚಿತ್ರದಲ್ಲಿ ಲೈಲ್ಸ್ ಸಮಯ 9.784, ಥಾಂಪ್ಸನ್ ಸಮಯ 9.789 ಇತ್ತು. ಅಷ್ಟು ವೇಗದ ಓಟದಲ್ಲಿ ಈ ಅಂತರ ಎಂದರೆ ಐದಾರು ಸೆಂಟಿಮೀಟರ್.

ಈ ಎರಡು ಅಂಕಿಗಳನ್ನು ಎಕ್ಸೆಲ್‌ಗೆ ಕೊಟ್ಟು, ಬಿಂದುವಿನ ನಂತರ ಎರಡೇ ಸ್ಥಾನ ತೋರಿಸು ಅನ್ನಿ. ಲೈಲ್ಸ್‌ಗೆ 9.78, ಥಾಂಪ್ಸನ್‌ಗೆ 9.79 ಬರುತ್ತದೆ; ಅಧಿಕೃತ ಫಲಿತಾಂಶಕ್ಕೆ ತಾಳೆಯಾಗುವುದಿಲ್ಲ. ಎಕ್ಸೆಲ್‌ಗೆ ಗೊತ್ತಿರುವುದು ಶಾಲೆಯ ಗಣಿತ: ನಾಲ್ಕಾದರೆ ಬಿಡು, ಐದಾದರೆ ಏರಿಸು. ಅಥ್ಲೆಟಿಕ್ಸ್ ನಿಯಮ ಬೇರೆ. 10,000 ಮೀಟರ್‌ವರೆಗಿನ ಟ್ರ್ಯಾಕ್ ಓಟಗಳಲ್ಲಿ ಸಾವಿರನೇ ಒಂದರ ಸ್ಥಾನದಲ್ಲಿ ಸೊನ್ನೆ ಬಿಟ್ಟು ಏನೇ ಇದ್ದರೂ ನೂರನೇ ಒಂದರ ಸ್ಥಾನವನ್ನು ಒಂದು ಮೇಲಕ್ಕೇರಿಸಬೇಕು. 10.001 ಬಂದರೂ ಬರೆಯಬೇಕಾದ್ದು 10.01. ಓಡಿದ್ದಕ್ಕಿಂತ ಕಡಿಮೆ ಸಮಯ ಯಾರ ಹೆಸರಿಗೂ ದಾಖಲಾಗಬಾರದು. ಇದು ನ್ಯಾಯವಾದ ನಿಯಮ. ಎಕ್ಸೆಲ್‌ನಲ್ಲಿ ಇದಕ್ಕೆ ಸರಿಹೊಂದುವುದು ರೌಂಡ್ ಎಂಬ ಸೂತ್ರವಲ್ಲ, ಯಾವಾಗಲೂ ಮೇಲಕ್ಕೇರಿಸುವ ರೌಂಡಪ್.

2020ರ ಫೆಬ್ರವರಿಯಲ್ಲಿ ನಮ್ಮ ಕಂಬಳದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಸುದ್ದಿ ಮಾಡಿದವರು ನೂರು ಮೀಟರಿಗೆ ಭಾಗಿಸಿ 9.55 ಎಂದು ಬರೆದರು. ಭಾಗಾಕಾರದ ಉತ್ತರ ಸುಮಾರು 9.5579. ಶಾಲೆಯ ಗಣಿತದಲ್ಲೂ ಅಥ್ಲೆಟಿಕ್ಸ್ ನಿಯಮದಲ್ಲೂ ಅದು 9.56. ಕೋಣಗಳ ಜೊತೆ ಕೆಸರುಗದ್ದೆಯಲ್ಲಿ ಓಡಿದ್ದನ್ನು ಟ್ರ್ಯಾಕಿನ ಓಟಕ್ಕೆ ಹೋಲಿಸಬಹುದೇ ಎಂಬುದು ಬೇರೆ ಪ್ರಶ್ನೆ.

ಇನ್ನೂ ಆಳದ ತೊಡಕು ಎಕ್ಸೆಲ್ ಸಮಯವನ್ನು ಇಟ್ಟುಕೊಳ್ಳುವ ರೀತಿಯಲ್ಲಿದೆ. ಅದಕ್ಕೆ ಒಂದು ದಿನ ಎಂದರೆ 1. ಮಧ್ಯಾಹ್ನ ಹನ್ನೆರಡು ಗಂಟೆ 0.5. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ ಒಂದು ಸೆಕೆಂಡ್ ಸುಮಾರು 0.00001157. ಕಚೇರಿಯ ಹಾಜರಿಗೆ, ರೈಲಿನ ವೇಳಾಪಟ್ಟಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಓಟದಲ್ಲಿ ನಾವು ಅಳೆಯುವುದು ಗಡಿಯಾರದ ಹೊತ್ತನ್ನಲ್ಲ, ಕಳೆದ ಅವಧಿಯನ್ನು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್‌ನಲ್ಲಿ ಭಾರತದ ಶ್ರೀರಾಮ್ ಸಿಂಗ್ 1 ನಿಮಿಷ 45.77 ಸೆಕೆಂಡಿನಲ್ಲಿ ಏಳನೆಯವರಾದರು. ಆ ರಾಷ್ಟ್ರೀಯ ದಾಖಲೆ 2018ರವರೆಗೆ ಉಳಿಯಿತು. ಸೆಲ್‌ನಲ್ಲಿ 1:45.77 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ನಿಮಿಷ, ಸೆಕೆಂಡ್ ಎಂದೇ ಓದುತ್ತದೆ. ಆದರೆ ತಾನಾಗಿ ತೋರಿಸುವುದು 01:45.8. ಒಳಗಿರುವ ಸಂಖ್ಯೆ 0.00122419ರಷ್ಟು, ಪೂರ್ತಿ ಕಾಣಬೇಕಾದರೆ ಸೆಲ್‌ನ ಫಾರ್ಮ್ಯಾಟ್ ನಾವೇ ಬದಲಿಸಬೇಕು. ಬಿಂದುವಿಲ್ಲದೆ ಬರೀ 1:45 ಎಂದು ಹಾಕಿದರಂತೂ ಅದು ಒಂದು ಗಂಟೆ ನಲವತ್ತೈದು ನಿಮಿಷವಾಗುತ್ತದೆ. ಇಂಥ ಒಂದು ಸೆಲ್ ಇದ್ದರೆ ಇಡೀ ಪಟ್ಟಿಯ ಸರಾಸರಿ ಕೆಡುತ್ತದೆ.

ಕಂಪ್ಯೂಟರ್‌ನ ದ್ವಿಮಾನ ಗಣಿತದಲ್ಲಿ ದಿನದ ಈ ಸಣ್ಣ ಪಾಲುಗಳನ್ನು ಕರಾರುವಾಕ್ಕಾಗಿ ಬರೆಯಲು ಆಗುವುದಿಲ್ಲ. ಮತ್ತೆ ಸೆಕೆಂಡಿಗೆ ತರಲು 86,400ರಿಂದ ಗುಣಿಸಿದಾಗ 9.58 ಇರಬೇಕಾದ ಕಡೆ ಕೊನೆಯಲ್ಲೆಲ್ಲೋ ಒಂದು ಕಣದಷ್ಟು ಹೆಚ್ಚು ಉಳಿದಿರಬಹುದು. ಮೇಲಕ್ಕೇರಿಸುವ ಸೂತ್ರದ ಕೈಗೆ ಆ ಕಣ ಸಿಕ್ಕರೆ ಸಮಯ 9.59 ಆಗಿಬಿಡುವ ಅಪಾಯವಿದೆ. ಅದಕ್ಕೇ ಮೊದಲು ಸಾವಿರನೇ ಒಂದರ ಸ್ಥಾನಕ್ಕೆ ರೌಂಡ್ ಮಾಡಿ, ಆಮೇಲೆ ನೂರನೇ ಒಂದರ ಸ್ಥಾನಕ್ಕೆ ರೌಂಡಪ್ ಮಾಡಬೇಕು.

ನೂರನೇ ಒಂದು ಸೆಕೆಂಡಿನ ಬೆಲೆ ನಮಗೆ ಹೊಸದಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41ಕ್ಕೆ ಕಂಚು ಗೆದ್ದರು, ಪಿ.ಟಿ. ಉಷಾ 55.42ಕ್ಕೆ ನಾಲ್ಕನೆಯವರಾದರು.

ಶಾಲಾ ಕ್ರೀಡಾಕೂಟದ ಲೆಕ್ಕ ಇಡುವ ದೈಹಿಕ ಶಿಕ್ಷಕರಲ್ಲಿ ನನ್ನ ಮನವಿ ಇಷ್ಟೇ. ಸಮಯವನ್ನು ಬರೀ ಸೆಕೆಂಡುಗಳ ಸಂಖ್ಯೆಯಾಗಿ ಬರೆಯಿರಿ, 1:45.77ರ ಬದಲು 105.77. ಯಂತ್ರ ಕೊಟ್ಟ ಮೂಲ ಅಂಕಿಗೆ ಒಂದು ಕಾಲಂ, ಏರಿಸಿದ ಅಧಿಕೃತ ಸಮಯಕ್ಕೆ ಇನ್ನೊಂದು ಇರಲಿ. ಕೈಯಿಂದ ಅಳೆದ ಸಮಯವಾದರೆ ಹತ್ತನೇ ಒಂದರ ಸ್ಥಾನಕ್ಕೆ ಏರಿಸಿ: ಸ್ಟಾಪ್‌ವಾಚ್ 11.43 ತೋರಿಸಿದರೆ ದಾಖಲೆ 11.5. ಅದನ್ನು ಎಲೆಕ್ಟ್ರಾನಿಕ್ ಸಮಯದ ಜೊತೆ ಒಂದೇ ಕಾಲಂನಲ್ಲಿ ಬೆರೆಸಬೇಡಿ.