ಹಳೆಯ ಮನೆಯ ಕೊಳಾಯಿ: ಪ್ಲಂಬರನ್ನು ಕರೆಯುವ ಮುನ್ನ ಒಂದಿಷ್ಟು ಭೌತವಿಜ್ಞಾನ

ಕಾರವಾರದಿಂದ ಉಳ್ಳಾಲದವರೆಗೆ ಕಡಲಿನ ಅಂಚಿನ ಊರುಗಳಲ್ಲಿ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಅಂಗಳದಲ್ಲೊಂದು ಬಾವಿ ಇರುವ ಹಳೆಯ ಮನೆಗಳು ಇನ್ನೂ ಸಾಕಷ್ಟಿವೆ. ಇವುಗಳಲ್ಲಿ ಹೆಚ್ಚಿನವನ್ನು ಕಟ್ಟಿದಾಗ ಕೊಳಾಯಿ ಇರಲಿಲ್ಲ. ಮುಂದೆ ಪಂಪು ಬಂತು, ಟ್ಯಾಂಕ್ ಬಂತು, ಅದರೊಂದಿಗೆ ಸತು ಲೇಪಿಸಿದ ಕಬ್ಬಿಣದ ಪೈಪು ಬಂತು. ಅಲ್ಲಲ್ಲಿ ಅದು ಹಾಳಾದಾಗ ಪಿವಿಸಿ ತುಂಡು ಸೇರಿತು. ಈಚೆಗೆ ಬಿಸಿನೀರಿಗೆ ಸಿಪಿವಿಸಿ ಪೈಪು ಬಂದಿದೆ. ಹೀಗೆ ಒಂದೇ ಮನೆಯಲ್ಲಿ ಮೂರು ತಲೆಮಾರಿನ ಪೈಪುಗಳು ಒಂದಕ್ಕೊಂದು ಜೋಡಣೆಗೊಂಡಿರುತ್ತವೆ. ಯಾವುದು ಎಲ್ಲಿ ಸೇರುತ್ತದೆ ಎಂಬುದಕ್ಕೆ ನಕ್ಷೆ ಮಾತ್ರ ಇರುವುದಿಲ್ಲ.

ಇಂಥ ಮನೆಗೆ ನಂಬಬಹುದಾದ ಪ್ಲಂಬರನ್ನು ಗುರುತಿಸುವುದು ಹೇಗೆ? ನೆರೆಹೊರೆಯವರನ್ನು ಕೇಳುವುದು ಎಲ್ಲರೂ ಅನುಸರಿಸುವ ಕ್ರಮ, ಅದು ಸರಿಯಾದುದೇ. ಆದರೆ ವಿಜ್ಞಾನ ಓದಿದವರಿಗೆ ಇನ್ನೊಂದು ದಾರಿಯಿದೆ. ಮನೆಯ ಕೊಳಾಯಿಗೆ ಏನಾಗಿದೆ ಎಂಬುದನ್ನು ಮೊದಲು ನಾವೇ ಅಳೆದು ನೋಡಿ, ಅನಂತರ ಪ್ರಶ್ನೆ ಕೇಳುವುದು. ಕಸುಬು ಬಲ್ಲವರ ಉತ್ತರಕ್ಕೂ ಬಲ್ಲದವರ ಉತ್ತರಕ್ಕೂ ಇರುವ ವ್ಯತ್ಯಾಸ ಆಗ ತಾನಾಗಿ ತಿಳಿಯುತ್ತದೆ.

ಮಳೆಯಿಲ್ಲದೆಯೂ ಒದ್ದೆಯಾಗುವ ಲೋಹ

ಅಲೆಗಳು ಒಡೆದಾಗ ಹಾರುವ ಸೂಕ್ಷ್ಮ ಹನಿಗಳು ಗಾಳಿಯೊಂದಿಗೆ ತೇಲಿ ಬಂದು ಮನೆಯ ಹೊರಗಿನ ಪೈಪು, ನಲ್ಲಿ, ಮೊಳೆಗಳ ಮೇಲೆ ಉಪ್ಪನ್ನು ಬಿಡುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದೊಡನೆ ಅಡುಗೆ ಉಪ್ಪು ಗಾಳಿಯಲ್ಲಿನ ತೇವವನ್ನು ಹೀರಿ ತಾನೇ ದ್ರಾವಣವಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಸುಮಾರು 33 ಶೇಕಡಾ ಆರ್ದ್ರತೆಯೇ ಸಾಕು. ಆದ್ದರಿಂದ ಕರಾವಳಿಯಲ್ಲಿ ಮಳೆ ಬಾರದ ದಿನವೂ ಲೋಹದ ಮೇಲೆ ಉಪ್ಪುನೀರಿನ ತೆಳುಪೊರೆ ಇರುತ್ತದೆ. ಕ್ಲೋರೈಡ್ ಅಯಾನುಗಳಿರುವ ಈ ಪೊರೆ ವಿದ್ಯುದ್ವಾಹಕ. ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆಯಾದ್ದರಿಂದ ಅದಕ್ಕೆ ಬೇಕಾದ ಎಲ್ಲ ಅನುಕೂಲವೂ ಇಲ್ಲಿ ಒದಗುತ್ತದೆ.

ಕಬ್ಬಿಣಕ್ಕೆ ಸತುವಿನ ಲೇಪನ ಕೊಡುವುದು ಇದನ್ನು ತಡೆಯಲೆಂದೇ. ಸತುವಿನ ಪ್ರಮಾಣಿತ ವಿಭವ -0.76 ವೋಲ್ಟ್, ಕಬ್ಬಿಣದ್ದು -0.44 ವೋಲ್ಟ್. ಹೆಚ್ಚು ಕ್ರಿಯಾಶೀಲವಾದ ಸತು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ಪೈಪಿನ ತುದಿಯಲ್ಲಿ ತಿರುಪಿನ ಎಳೆ ಕೊರೆಯುವಾಗ ಸತುವಿನ ಪದರ ಕಿತ್ತುಹೋಗುತ್ತದೆ, ಗೋಡೆಯ ದಪ್ಪವೂ ಅಲ್ಲೇ ಕಡಿಮೆಯಾಗುತ್ತದೆ. ಅದೇ ತುದಿಗೆ ಹಿತ್ತಾಳೆಯ ನಲ್ಲಿ ಕೂಡಿಸಿದರೆ ಹಿತ್ತಾಳೆ ಕ್ಯಾಥೋಡ್ ಆಗುತ್ತದೆ, ಕಬ್ಬಿಣ ಆನೋಡ್ ಆಗುತ್ತದೆ. ಹಳೆಯ ಪೈಪು ನಡುವೆ ಗಟ್ಟಿಯಾಗಿದ್ದು ಜೋಡಣೆಯ ಬಳಿಯೇ ತೂತಾಗುವುದು ಇದರಿಂದ.

ಹಿತ್ತಾಳೆಯೂ ಕ್ಷೇಮವಲ್ಲ. ಕ್ಲೋರೈಡ್ ಇರುವ ಅಥವಾ ಆಮ್ಲೀಯವಾದ ನೀರಿನಲ್ಲಿ ಅದರೊಳಗಿನ ಸತು ಕರಗಿಹೋಗಿ ರಂಧ್ರಮಯವಾದ ತಾಮ್ರ ಮಾತ್ರ ಉಳಿಯುತ್ತದೆ. ನಲ್ಲಿ ಹೊರಗಿನಿಂದ ನೆಟ್ಟಗೆ ಕಾಣುತ್ತದೆ. ಪಾನೆ ಹಾಕಿ ತಿರುಗಿಸಿದೊಡನೆ ಮುರಿಯುತ್ತದೆ. ಮುರಿದ ಭಾಗ ಹಳದಿಯ ಬದಲು ಕೆಂಪಾಗಿ ಕಂಡರೆ ಕಾರಣ ಇದೇ. ನಲ್ಲಿ ಮುರಿದದ್ದಕ್ಕೆ ಪ್ಲಂಬರನ್ನು ದೂರುವ ಮುನ್ನ ಆ ಬಣ್ಣವನ್ನು ನೋಡಿ.

ಬಾವಿಯ ನೀರಿನ ಸ್ವಭಾವ

ಮುರಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ನೀರು, ಅನೇಕ ಕಡೆ ತುಸು ಆಮ್ಲೀಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಪಿಎಚ್ ಮೌಲ್ಯ 6.5ರಿಂದ 8.5ರ ನಡುವೆ ಇರಬೇಕು. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು; ಬೇರೆ ಮೂಲವಿಲ್ಲದಾಗ 1000ದವರೆಗೆ ಒಪ್ಪಬಹುದು. ಪಿಎಚ್ 6.5ಕ್ಕಿಂತ ಕಡಿಮೆಯಿದ್ದರೆ ಸತುವಿನ ಲೇಪನ ಬೇಗ ಕರಗುತ್ತದೆ.

ಕಡಲಿಗೆ ತೀರ ಹತ್ತಿರದ ಮರಳು ನೆಲದಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ h ಎತ್ತರದಲ್ಲಿದ್ದು, ಎರಡೂ ನೀರು ಸಂಧಿಸುವ ಎಲ್ಲೆ ಕಡಲ ಮಟ್ಟಕ್ಕಿಂತ z ಆಳದಲ್ಲಿದ್ದರೆ, ಆ ಎಲ್ಲೆಯಲ್ಲಿ ಒತ್ತಡಗಳು ಸಮವಾಗಿರಬೇಕು. ಕಡಲ ನೀರಿನ ಸಾಪೇಕ್ಷ ಸಾಂದ್ರತೆ 1.025 ಎಂದಿಟ್ಟುಕೊಂಡರೆ 1.025 z = z + h. ಅಂದರೆ z = 40 h. ನೆದರ್ಲೆಂಡ್ಸಿನ ಬಾಡನ್ ಘೈಬನ್, ಜರ್ಮನಿಯ ಹರ್ಜ್‌ಬರ್ಗ್ ಇವರಿಬ್ಬರ ಹೆಸರಿನಲ್ಲಿ ಈ ಸಂಬಂಧ ಪ್ರಸಿದ್ಧವಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಪಂಪು ಓಡಿಸಿ ಬಾವಿಯ ಮಟ್ಟವನ್ನು ಅರ್ಧ ಮೀಟರ್ ಇಳಿಸಿ ಹಾಗೆಯೇ ಬಿಟ್ಟರೆ, ಕೆಳಗಿನ ಉಪ್ಪುನೀರು 20 ಮೀಟರ್ ಮೇಲೇರುವತ್ತ ಸಾಗುತ್ತದೆ. ನೆಲದ ಪದರ, ಹಿಡಿಯುವ ಕಾಲ ಇವುಗಳಿಂದ ಈ ಅಂಕಿ ವ್ಯತ್ಯಾಸವಾಗುತ್ತದೆ. ದಿಕ್ಕು ಮಾತ್ರ ಇದೇ. ಬೇಸಿಗೆಯಲ್ಲಿ ನೀರು ಉಪ್ಪಾಗುವ ಮನೆಗೆ ಮತ್ತೆ ಕಬ್ಬಿಣದ ಪೈಪನ್ನೇ ಸೂಚಿಸುವವರು ಆ ಊರಿನ ನೀರನ್ನು ತಿಳಿದವರಲ್ಲ. ಸ್ಥಳೀಯರನ್ನು ಕರೆಯುವುದರ ಲಾಭ ಇರುವುದು ಇಲ್ಲಿಯೇ: ಯಾವ ಬಾವಿ ಯಾವ ತಿಂಗಳಲ್ಲಿ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನೀರು ಸಣ್ಣಗೆ ಬರುವುದೇಕೆ?

"ಪ್ರೆಶರ್ ಇಲ್ಲ, ಒಂದು ಪಂಪು ಹಾಕೋಣ" ಎಂಬ ಮಾತನ್ನು ನೀವು ಕೇಳಿರಬಹುದು. ನಲ್ಲಿ ಮುಚ್ಚಿದ್ದಾಗ ಅಲ್ಲಿನ ಒತ್ತಡ ಟ್ಯಾಂಕಿನ ನೀರಿನ ಮಟ್ಟದ ಎತ್ತರವನ್ನು ಮಾತ್ರ ಅವಲಂಬಿಸುತ್ತದೆ. 5 ಮೀಟರ್ ಎತ್ತರಕ್ಕೆ ಅದು ಸುಮಾರು 49,000 ಪಾಸ್ಕಲ್, ಅಂದರೆ ಅರ್ಧ ವಾತಾವರಣದಷ್ಟು. ಪೈಪಿನೊಳಗೆ ತುಕ್ಕು ಎಷ್ಟೇ ಇದ್ದರೂ ಈ ಬೆಲೆ ಬದಲಾಗದು. ನೀರು ಹರಿಯತೊಡಗಿದಾಗ ಮಾತ್ರ ತುಕ್ಕಿನ ಪ್ರಭಾವ ಕಾಣುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ನಲ್ಲಿಗೆ ಪಾರದರ್ಶಕ ಕೊಳವೆಯೊಂದನ್ನು ಬಿಗಿಯಾಗಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯಾಂಕಿಗಿಂತ ಎತ್ತರಕ್ಕೆ ಹಿಡಿದು ನಲ್ಲಿ ತೆರೆಯಿರಿ. ಕೊಳವೆಯಲ್ಲಿ ನೀರು ಟ್ಯಾಂಕಿನ ಮಟ್ಟಕ್ಕೆ ಬಂದು ನಿಲ್ಲಬೇಕು. ಈಗ ಅದೇ ಪೈಪಿನ ಇನ್ನೊಂದು ನಲ್ಲಿಯನ್ನು ತೆರೆಯಿರಿ. ಕೊಳವೆಯಲ್ಲಿನ ಮಟ್ಟ ಬಹಳ ಕೆಳಗೆ ಇಳಿದರೆ ಟ್ಯಾಂಕಿನಿಂದ ಅಲ್ಲಿಯವರೆಗಿನ ದಾರಿ ಕಿರಿದಾಗಿದೆ ಎಂದರ್ಥ. ಒಂದೋ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಪೈಪಿನೊಳಗೆ ತುಕ್ಕು ಕಟ್ಟಿದೆ.

ವ್ಯಾಸ ಕಡಿಮೆಯಾದರೆ ಹರಿವು ಎಷ್ಟು ಇಳಿಯುತ್ತದೆ? ಪಠ್ಯದಲ್ಲಿರುವ ಪಾಯ್ಸೆಲೆಯ ಸೂತ್ರ ತ್ರಿಜ್ಯದ ನಾಲ್ಕನೆಯ ಘಾತವನ್ನು ಹೇಳುತ್ತದೆ. ಆದರೆ ಅದು ಸ್ತರೀಯ ಪ್ರವಾಹಕ್ಕೆ ಮಾತ್ರ ಸಲ್ಲುತ್ತದೆ. 15 ಮಿ.ಮೀ. ಪೈಪಿನಲ್ಲಿ ನಿಮಿಷಕ್ಕೆ 12 ಲೀಟರ್ ಹರಿದರೆ ವೇಗ ಸೆಕೆಂಡಿಗೆ ಸುಮಾರು 1.1 ಮೀಟರ್, ರೆನಾಲ್ಡ್ಸ್ ಸಂಖ್ಯೆ 17,000ದ ಆಸುಪಾಸು. ಇದು ಪ್ರಕ್ಷುಬ್ಧ ಪ್ರವಾಹ. ಇಲ್ಲಿ ಹರಿವು ವ್ಯಾಸದ ಸುಮಾರು 2.5ನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ 15ರಿಂದ 10 ಮಿ.ಮೀ.ಗೆ ಇಳಿದರೆ ಹರಿವು ಸುಮಾರು 36 ಶೇಕಡಾಕ್ಕೆ ಇಳಿಯುತ್ತದೆ. ಒಳಮೈ ಒರಟಾಗಿರುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ಇಂಥ ಪೈಪಿಗೆ ಪಂಪು ಕೂಡಿಸಿದರೆ ಸವೆದ ಜೋಡಣೆಗಳ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ರೋಗ ಉಳಿದು ಸೋರಿಕೆ ಸೇರಿಕೊಳ್ಳುತ್ತದೆ.

ಕಾಣದ ಸೋರಿಕೆ

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಗೋಡೆಯೊಳಗಿನ ಪೈಪಿನ ಉದ್ದಕ್ಕೂ ಗಾರೆ ಸೀಳುವುದು ಇದರಿಂದಲೇ. ಮುರಕಲ್ಲು ರಂಧ್ರಮಯವಾದ ಕಲ್ಲು. ಒಂದೆಡೆ ಸೋರಿದ ನೀರು ಒಳಗೊಳಗೇ ಹರಡಿ ದೂರದಲ್ಲೆಲ್ಲೋ ಕಲೆಯಾಗಿ ಕಾಣಿಸುತ್ತದೆ. ಕಲೆ ಕಂಡಲ್ಲೇ ಗೋಡೆ ಒಡೆಯುವುದು ಜಾಣತನವಲ್ಲ.

ಸೋರಿಕೆಯನ್ನು ಹೀಗೆ ಅಳೆಯಬಹುದು. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟ್ಯಾಂಕಿನಲ್ಲಿ ನೀರಿನ ಮಟ್ಟವನ್ನು ಗುರುತಿಸಿ ಮುಚ್ಚಳ ಹಾಕಿ. ಟ್ಯಾಂಕಿನ ಅಡ್ಡಕೊಯ್ತದ ವಿಸ್ತೀರ್ಣ 1 ಚದರ ಮೀಟರ್ ಆಗಿದ್ದರೆ ಮಟ್ಟ 1 ಸೆಂ.ಮೀ. ಇಳಿದಾಗ 10 ಲೀಟರ್ ನೀರು ಹೋದಂತೆ. ಬೆಳಿಗ್ಗೆ 2 ಸೆಂ.ಮೀ. ಇಳಿದಿದ್ದರೆ ಒಂದೇ ರಾತ್ರಿಯಲ್ಲಿ 20 ಲೀಟರ್ ಗೋಡೆಯನ್ನೋ ನೆಲವನ್ನೋ ಸೇರಿದೆ. ಮರುರಾತ್ರಿ ಒಂದು ಕವಲಿನ ವಾಲ್ವ್ ಮುಚ್ಚಿ ಪುನಃ ಅಳೆಯಿರಿ. ಎರಡು ಮೂರು ರಾತ್ರಿಗಳಲ್ಲಿ ಸೋರುವ ಕವಲು ಸಿಕ್ಕಿಬಿಡುತ್ತದೆ. ಈ ಅಂಕಿಗಳನ್ನು ಪ್ಲಂಬರಿಗೆ ಕೊಡಿ. ಬಲ್ಲವರು ಆಸಕ್ತಿಯಿಂದ ಕೇಳಿ ಇನ್ನೆರಡು ಪ್ರಶ್ನೆ ಹಾಕುತ್ತಾರೆ. ಬಲ್ಲದವರು ಸುತ್ತಿಗೆ ಎತ್ತಿಕೊಳ್ಳುತ್ತಾರೆ.

ಪೈಪು ಬದಲಿಸಿದಾಗ ಅರ್ತಿಂಗ್ ಏನಾಯಿತು?

ಹೆಚ್ಚಿನವರು ಕೇಳದೆ ಬಿಡುವ, ಆದರೆ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ ಇದು. ಹಳೆಯ ಮನೆಗಳ ವೈರಿಂಗಿನಲ್ಲಿ ಅರ್ತಿಂಗ್ ತಂತಿಯನ್ನು ನೆಲದೊಳಗೆ ಇಳಿಯುವ ನೀರಿನ ಕಬ್ಬಿಣದ ಪೈಪಿಗೆ ಬಿಗಿದಿರುವುದುಂಟು. ಆ ಪೈಪಿನ ನಡುವೆ ಒಂದಡಿ ಪ್ಲಾಸ್ಟಿಕ್ ತುಂಡು ಸೇರಿಸಿದರೂ ಭೂಸಂಪರ್ಕ ಕಡಿದುಹೋಗುತ್ತದೆ. ನೀರು ಸರಿಯಾಗಿ ಬರುತ್ತಿರುವುದರಿಂದ ಯಾರ ಗಮನಕ್ಕೂ ಇದು ಬಾರದು.

ಮುಂದೆಂದೋ ಗೀಸರಿನ ಅವಾಹಕ ಹಾಳಾಗಿ ಅದರ ಹೊರಕವಚಕ್ಕೆ 230 ವೋಲ್ಟ್ ಬಂತೆನ್ನೋಣ. ಅದಕ್ಕೆ ಸೇರಿದ ಲೋಹದ ಪೈಪು, ನಲ್ಲಿಗಳಿಗೂ ಅದೇ ವೋಲ್ಟೇಜು. ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ ನಲ್ಲಿ ಮುಟ್ಟಿದವರ ಮೈಯಲ್ಲಿ 230 ಮಿಲಿಆಂಪೇರ್ ಹರಿಯುತ್ತದೆ. ಇದು ಮಾರಕ. ಆದರೆ 16 ಆಂಪೇರಿನ ಎಂಸಿಬಿಗೆ 0.23 ಆಂಪೇರ್ ಏನೂ ಅಲ್ಲ, ಅದು ಕಡಿತಗೊಳ್ಳುವುದಿಲ್ಲ. ಆದ್ದರಿಂದ ಲೋಹದ ಪೈಪನ್ನು ತೆಗೆಯುವ ಮೊದಲು ಅರ್ತಿಂಗ್ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎಲೆಕ್ಟ್ರೀಷಿಯನ್ನರಿಂದ ಪರೀಕ್ಷೆ ಮಾಡಿಸಬೇಕು. ಪ್ರತ್ಯೇಕ ಅರ್ತ್ ಗುಂಡಿ, ಜೊತೆಗೆ 30 ಮಿಲಿಆಂಪೇರಿಗೆ ಕಡಿತಗೊಳ್ಳುವ ಆರ್‌ಸಿಸಿಬಿ ಇರಬೇಕು. "ಮೊದಲು ಅರ್ತಿಂಗ್ ನೋಡಿಸಿ, ಆಮೇಲೆ ಪೈಪು ತೆಗೆಯುತ್ತೇನೆ" ಎನ್ನುವ ಪ್ಲಂಬರ್ ಸಿಕ್ಕರೆ ಅವರನ್ನು ಬಿಡಬೇಡಿ.

ಕೇಳಬೇಕಾದ ಪ್ರಶ್ನೆಗಳು

ಐಟಿಐಗಳಲ್ಲಿ ಪ್ಲಂಬರ್ ವೃತ್ತಿಗೆ ಒಂದು ವರ್ಷದ ತರಬೇತಿಯಿದೆ. ಪ್ರಮಾಣಪತ್ರವಿಲ್ಲದೆ ಹಿರಿಯರ ಕೈಕೆಳಗೆ ಕಲಿತ ನಿಪುಣರೂ ಬಹಳ ಮಂದಿ ಇದ್ದಾರೆ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯಿಂದ ಬಂದು ದೇಶದ ಹಲವು ನಗರಗಳಲ್ಲಿ ಈ ಕೆಲಸ ಮಾಡುವವರು ಇದಕ್ಕೆ ಪ್ರಸಿದ್ಧ ಉದಾಹರಣೆ. ಹಾಗಾಗಿ ಕಾಗದವೊಂದನ್ನೇ ನೋಡದೆ ಈ ಪ್ರಶ್ನೆಗಳನ್ನು ಕೇಳಿ:

1. ಯಾವ ಪೈಪು, ಯಾವ ಮಾನಕ? ತಣ್ಣೀರಿನ ಯುಪಿವಿಸಿಗೆ ಐಎಸ್ 4985, ಬಿಸಿನೀರಿಗೂ ಆಗುವ ಸಿಪಿವಿಸಿಗೆ ಐಎಸ್ 15778. ಕಬ್ಬಿಣದ್ದೇ ಬೇಕಾದಲ್ಲಿ ಐಎಸ್ 1239. ಅದರಲ್ಲಿ ಹಳದಿ ಪಟ್ಟಿ ಹಗುರ, ನೀಲಿ ಮಧ್ಯಮ, ಕೆಂಪು ಭಾರ. ಗೀಸರಿನ ಬಿಸಿನೀರಿಗೆ ಯುಪಿವಿಸಿ ಸಾಕು ಎಂದರೆ ಒಪ್ಪಬೇಡಿ. ಅದು ಬಿಸಿಗೆ ಮೆದುವಾಗುತ್ತದೆ.

2. ಯಾವ ದ್ರಾವಣದಿಂದ ಅಂಟಿಸುವಿರಿ? ಇದು ಕೇವಲ ಗೋಂದಲ್ಲ. ಎರಡೂ ಮೇಲ್ಮೈಗಳನ್ನು ಕರಗಿಸಿ ಒಂದಾಗಿಸುವ ದ್ರಾವಕ. ಸಿಪಿವಿಸಿಗೆ ಸಿಪಿವಿಸಿಯದೇ ಬೇಕು. ಒಣಗಲು ಎಷ್ಟು ಹೊತ್ತು ಬಿಡುತ್ತೀರಿ ಎಂದೂ ಕೇಳಿ.

3. ಬಿಸಿಲಿನಲ್ಲಿರುವ ಪೈಪಿಗೆ ಹಿಗ್ಗಲು ಎಡೆ ಇದೆಯೇ? ಉಷ್ಣತೆ 30 ಡಿಗ್ರಿ ಏರಿದರೆ 10 ಮೀಟರ್ ಉಕ್ಕಿನ ಪೈಪು ಸುಮಾರು 3.6 ಮಿ.ಮೀ. ಹಿಗ್ಗುತ್ತದೆ, ಪಿವಿಸಿ ಸುಮಾರು 20 ಮಿ.ಮೀ. ಕ್ಲಾಂಪು ಬಿಗಿದರೆ ಪೈಪು ಬಾಗುತ್ತದೆ, ಜೋಡಣೆ ಬಿಡುತ್ತದೆ.

4. ಗೋಡೆ ಮುಚ್ಚುವ ಮೊದಲು ಒತ್ತಡದ ಪರೀಕ್ಷೆ ಮಾಡುವಿರಾ? ಅದು ನೀರಿನಿಂದಲೇ ಆಗಬೇಕು. ಗಾಳಿ ಸಂಕುಚಿತವಾಗುವುದರಿಂದ ಅದರಲ್ಲಿ ಬಹಳ ಶಕ್ತಿ ಸಂಗ್ರಹವಾಗುತ್ತದೆ. ಪ್ಲಾಸ್ಟಿಕ್ ಪೈಪು ಒಡೆದರೆ ಚೂರುಗಳು ಸಿಡಿಯುತ್ತವೆ.

5. ಸಾಮಾನಿನ ಪಟ್ಟಿ, ಕೂಲಿ, ಪೈಪು ಹೋದ ದಾರಿಯ ನಕ್ಷೆ ಇವನ್ನು ಬರೆದು ಕೊಡುವಿರಾ? ಗೋಡೆ ಮುಚ್ಚುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ನಿಮ್ಮ ಕೆಲಸ.

ನಾವು ಕೇಳಬಾರದ್ದು

ಪ್ರಶ್ನೆಗಳು ನಮ್ಮ ಹಕ್ಕಾದರೆ ನಮಗೊಂದು ಕರ್ತವ್ಯವೂ ಇದೆ. ಶೌಚದ ಗುಂಡಿ ಕಟ್ಟಿಕೊಂಡಾಗ "ಸ್ವಲ್ಪ ಇಳಿದು ನೋಡಿ" ಎಂದು ಪ್ಲಂಬರಿಗೆ ಹೇಳಬೇಡಿ. ಗುಂಡಿಯಲ್ಲಿ ಹೈಡ್ರೊಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತವೆ, ಆಕ್ಸಿಜನ್ ಕಡಿಮೆಯಿರುತ್ತದೆ. ಹೈಡ್ರೊಜನ್ ಸಲ್ಫೈಡ್ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಕುಂದುವುದರಿಂದ ವಾಸನೆಯಿಲ್ಲವೆಂದು ಇಳಿದವರು ಪ್ರಜ್ಞೆ ತಪ್ಪುತ್ತಾರೆ. ಎತ್ತಲು ಇಳಿದವರೂ ಹಿಂದೆಯೇ ಬೀಳುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಿ ಗುಂಡಿ ಶುಚಿಗೊಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅದಕ್ಕೆ ಹೀರುವ ಯಂತ್ರದ ವಾಹನವನ್ನೇ ಕರೆಸಬೇಕು. ಹೆಚ್ಚು ಹಣ ಕೊಟ್ಟರೂ ಇಳಿಯಲು ಒಪ್ಪದ ಪ್ಲಂಬರ್ ಕೆಲಸಗಳ್ಳರಲ್ಲ, ಬಲ್ಲವರು.

ಲ್ಯಾಟಿನ್ ಭಾಷೆಯಲ್ಲಿ ಪ್ಲಂಬಮ್ ಎಂದರೆ ಸೀಸ. ಸೀಸದ ಕೊಳವೆಗಳೊಂದಿಗೆ ಕೆಲಸ ಮಾಡುತ್ತಿದ್ದವರು ಪ್ಲಂಬರ್ ಆದರು. ಲೋಹ ಬದಲಾದರೂ ಹೆಸರು ಉಳಿಯಿತು. ದ್ರವಗಳ ಒತ್ತಡ, ಲೋಹಗಳ ಕ್ರಿಯಾಶೀಲತೆ, ಉಷ್ಣ ವ್ಯಾಕೋಚನ, ವಿದ್ಯುತ್ ರೋಧ ಇವೆಲ್ಲ ಸೇರುವ ಜಾಗ ಮನೆಯ ಬಚ್ಚಲು. ಶಿಕ್ಷಕರು ಪಾರದರ್ಶಕ ಕೊಳವೆಯ ಪ್ರಯೋಗವನ್ನೂ ಟ್ಯಾಂಕಿನ ಮಟ್ಟದ ಅಳತೆಯನ್ನೂ ಶಾಲೆಯ ನಲ್ಲಿಯಲ್ಲೇ ಮಾಡಿಸಬಹುದು. ಊರಿನ ಅನುಭವಿ ಪ್ಲಂಬರೊಬ್ಬರನ್ನು ಒಂದು ದಿನ ತರಗತಿಗೆ ಕರೆದು, ಒಳಗೆ ತುಕ್ಕು ಕಟ್ಟಿದ ಹಳೆಯ ಪೈಪಿನ ತುಂಡೊಂದನ್ನು ತರುವಂತೆ ಕೇಳಿಕೊಳ್ಳಿ. ಅದನ್ನು ಅಡ್ಡಲಾಗಿ ಕೊಯ್ದು ಉಳಿದಿರುವ ವ್ಯಾಸವನ್ನು ವಿದ್ಯಾರ್ಥಿಗಳೇ ಅಳೆಯಲಿ, ಹರಿವು ಎಷ್ಟಕ್ಕೆ ಇಳಿದಿರಬಹುದೆಂದು ಲೆಕ್ಕ ಹಾಕಲಿ.