ಹೋಟೆಲಿನ ದೂರ: ಕಿಲೋಮೀಟರಿನ ಲೆಕ್ಕವೋ, ನಿಮಿಷದ ಲೆಕ್ಕವೋ?

ಪರೀಕ್ಷೆಗೋ ಸಂದರ್ಶನಕ್ಕೋ ಪರಸ್ಥಳದಿಂದ ಬೆಂಗಳೂರಿಗೆ ಬರುವ ವಿದ್ಯಾರ್ಥಿಯ ಮುಂದೆ ಮೊದಲು ನಿಲ್ಲುವ ಪ್ರಶ್ನೆ, ಯಾವ ಹೋಟೆಲಿನಲ್ಲಿ ಇಳಿದುಕೊಳ್ಳಬೇಕೆಂಬುದು. ಕೊಠಡಿಯ ಬಾಡಿಗೆಯನ್ನು ಎಲ್ಲರೂ ವಿಚಾರಿಸುತ್ತಾರೆ. ಸ್ಥಳದ ವಿಷಯದಲ್ಲಿ ಮಾತ್ರ, ಪರೀಕ್ಷಾ ಕೇಂದ್ರಕ್ಕೆ ಎಷ್ಟು ಕಿಲೋಮೀಟರು ಎಂದು ಕೇಳಿ ತೃಪ್ತರಾಗುತ್ತಾರೆ. ಆದರೆ ಕೇಂದ್ರದ ಬಾಗಿಲು ಮುಚ್ಚುವುದು ಗಡಿಯಾರವನ್ನು ನೋಡಿ. ಆದುದರಿಂದ ಹೋಟೆಲಿನ ಸ್ಥಾನವನ್ನು ಕಾಲದಿಂದ ಅಳೆಯುವ ಕ್ರಮವನ್ನು ಇಲ್ಲಿ ವಿಚಾರ ಮಾಡೋಣ.

ಈ ಭಾವನೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1881ರಲ್ಲಿ ಒಂದು ವಿಚಿತ್ರವಾದ ಭೂಪಟವನ್ನು ಪ್ರಕಟಿಸಿದನು. ಲಂಡನ್ನಿನಿಂದ ಹೊರಟವನು ಎಷ್ಟು ದಿನಗಳಲ್ಲಿ ಎಲ್ಲಿಗೆ ತಲಪಬಹುದೆಂಬುದನ್ನು ಅದು ಬಣ್ಣಗಳಿಂದ ತೋರಿಸುತ್ತಿತ್ತು. ಹತ್ತು ದಿನಗಳ ಒಳಗಿನ ಪ್ರದೇಶಕ್ಕೆ ಒಂದು ಬಣ್ಣ, ಇಪ್ಪತ್ತರ ಒಳಗಿನದಕ್ಕೆ ಇನ್ನೊಂದು. ಸಮಾನ ಕಾಲದಲ್ಲಿ ತಲಪುವ ಸ್ಥಳಗಳನ್ನು ಕೂಡಿಸುವ ಇಂತಹ ರೇಖೆಯನ್ನು ಸಮಕಾಲರೇಖೆ ಎನ್ನಬಹುದು. ಹೋಟೆಲನ್ನು ಕೇಂದ್ರವಾಗಿಟ್ಟುಕೊಂಡು ಎಳೆದರೆ ಈ ರೇಖೆ ವೃತ್ತವಾಗುವುದಿಲ್ಲ. ಬಸ್ಸು, ರೈಲುಗಳ ಮಾರ್ಗದುದ್ದಕ್ಕೂ ಕೈ ಚಾಚಿದಂತೆ ಚಾಚಿಕೊಳ್ಳುತ್ತದೆ.

ಮೊದಲು ನಡಿಗೆಯನ್ನು ನೋಡೋಣ. ಜಯನಗರದಂತೆ ಬೀದಿಗಳು ಲಂಬಕೋನದಲ್ಲಿ ಛೇದಿಸುವ ಬಡಾವಣೆಯಲ್ಲಿ ಪೂರ್ವಕ್ಕೆ 600 ಮೀಟರು, ಉತ್ತರಕ್ಕೆ 800 ಮೀಟರು ಹೋಗಬೇಕಾದರೆ, ಪೈಥಾಗೊರಸನ ಪ್ರಮೇಯದಂತೆ ನೇರ ದೂರ 1,000 ಮೀಟರು. ಕಾಲು ಸವೆಸಬೇಕಾದುದು 1,400 ಮೀಟರು. ಕೈಚೀಲ ಹಿಡಿದವನ ವೇಗ ಗಂಟೆಗೆ 4 ಕಿ.ಮೀ. ಎಂದಿಟ್ಟುಕೊಂಡರೆ, 15 ನಿಮಿಷದ ನಡಿಗೆ 21 ನಿಮಿಷವಾಯಿತು.

ಇದಕ್ಕಿಂತ ಸೂಕ್ಷ್ಮವಾದುದು ಕಾಯುವ ಕಾಲ. ಬಸ್ಸು ಸರಿಯಾಗಿ ಹತ್ತು ನಿಮಿಷಕ್ಕೊಮ್ಮೆ ಬರುವುದಾದರೆ, ಯಾವ ಹೊತ್ತಿಗಾದರೂ ಬಂದು ನಿಲ್ಲುವ ಪ್ರಯಾಣಿಕನು ಸರಾಸರಿ 5 ನಿಮಿಷ ಕಾಯುತ್ತಾನೆ. ಈಗ ಬಸ್ಸುಗಳು ಒಮ್ಮೆ 2 ನಿಮಿಷದ, ಮತ್ತೊಮ್ಮೆ 18 ನಿಮಿಷದ ಅಂತರದಲ್ಲಿ ಬರುತ್ತವೆಂದು ಭಾವಿಸಿ. ಸರಾಸರಿ ಅಂತರ ಹತ್ತೇ. ಆದರೆ ಪ್ರತಿ 20 ನಿಮಿಷಗಳಲ್ಲಿ 18 ನಿಮಿಷ ದೊಡ್ಡ ಅಂತರಕ್ಕೇ ಸೇರಿರುವುದರಿಂದ, ಹತ್ತರಲ್ಲಿ ಒಂಬತ್ತು ಸಲ ಪ್ರಯಾಣಿಕನು ಅದರಲ್ಲಿಯೇ ಸಿಕ್ಕಿಬೀಳುತ್ತಾನೆ. ಅಲ್ಲಿ ಸರಾಸರಿ 9 ನಿಮಿಷ ಕಾಯಬೇಕು. ಉಳಿದ ಒಂದು ಸಲ ಸರಾಸರಿ 1 ನಿಮಿಷ. ಒಟ್ಟಿನಲ್ಲಿ 8.2 ನಿಮಿಷ! ಬಸ್ಸುಗಳ ಸಂಖ್ಯೆ ಕಡಮೆಯಾಗದಿದ್ದರೂ ಅವು ಕ್ರಮತಪ್ಪಿದ ಮಾತ್ರಕ್ಕೆ ಕಾಯುವ ಕಾಲ ಬೆಳೆಯಿತು. ದಾರಿಯಲ್ಲಿ ಬಸ್ಸು ಬದಲಾಯಿಸಬೇಕಾದರೆ ಪ್ರತಿ ಬದಲಾವಣೆಗೂ ಈ ಲೆಕ್ಕ ಮೊದಲಿನಿಂದ ಆರಂಭವಾಗುತ್ತದೆ.

ಈಗ ಎರಡು ಹೋಟೆಲುಗಳನ್ನು ಕಲ್ಪಿಸಿಕೊಂಡು ಹೋಲಿಸೋಣ. ಮೊದಲನೆಯದು ಪರೀಕ್ಷಾ ಕೇಂದ್ರದಿಂದ 6 ಕಿ.ಮೀ. ದೂರ, ಮೇಲೆ ಹೇಳಿದ ಬಸ್ಸೇ ಗತಿ. ಎರಡು ಕೊನೆಗಳಲ್ಲಿಯೂ ಮೂರು ಮೂರು ನಿಮಿಷದ ನಡಿಗೆ, ಗಂಟೆಗೆ 15 ಕಿ.ಮೀ.ಯಂತೆ 24 ನಿಮಿಷದ ಪ್ರಯಾಣ. ಕಾಯುವುದೂ ಸೇರಿ ಸರಾಸರಿ ಸುಮಾರು 38 ನಿಮಿಷ. ಎರಡನೆಯದು 12 ಕಿ.ಮೀ. ದೂರ, ಆದರೆ ಎರಡು ಕೊನೆಗಳಲ್ಲಿಯೂ ಆರು ಆರು ನಿಮಿಷ ನಡೆದರೆ ಮೆಟ್ರೋ ನಿಲ್ದಾಣ. ಗಾಡಿ ತಪ್ಪದೆ 8 ನಿಮಿಷಕ್ಕೊಮ್ಮೆ ಬಂದು, ಗಂಟೆಗೆ 30 ಕಿ.ಮೀ.ಯಂತೆ ಓಡಿದರೆ ಸರಾಸರಿ 40 ನಿಮಿಷ. ಇಮ್ಮಡಿ ದೂರವಿದ್ದರೂ ವ್ಯತ್ಯಾಸ ಎರಡೇ ನಿಮಿಷ!

ಹಾಗಾದರೂ ಮೊದಲನೆಯದೇ ಮೇಲಲ್ಲವೆ ಎಂದು ವಾಚಕರು ಕೇಳಬಹುದು. ಪರೀಕ್ಷಾರ್ಥಿಯು ನೋಡಬೇಕಾದುದು ಸರಾಸರಿಯನ್ನಲ್ಲ, ದುರ್ದಿನವನ್ನು. ಬಸ್ಸಿಗೆ ಪೂರ್ಣ 18 ನಿಮಿಷ ಕಾಯಬೇಕಾಗಿ ಬಂದರೆ 48 ನಿಮಿಷ. ಸಂಚಾರದ ಇಕ್ಕಟ್ಟಿನಿಂದ 24 ನಿಮಿಷದ ಹಾದಿಗೆ 40 ಹಿಡಿದರೆ 64 ನಿಮಿಷ. ಮೆಟ್ರೋ ತನ್ನದೇ ಹಳಿಯ ಮೇಲೆ ಓಡುವುದರಿಂದ ರಸ್ತೆಯ ಇಕ್ಕಟ್ಟು ಅದನ್ನು ಮುಟ್ಟದು. ಪೂರ್ಣ 8 ನಿಮಿಷ ಕಾದರೂ 44 ನಿಮಿಷ. ಒಂದು ಗಂಟೆ ಮುಂಚೆ ಹೊರಟವರಿಬ್ಬರಲ್ಲಿ ಹತ್ತಿರವಿದ್ದವನಿಗೆ ಬಾಗಿಲು ಮುಚ್ಚಿರಬಹುದು. ದೂರವಿದ್ದವನು ಒಳಗೆ ಕುಳಿತಿರುತ್ತಾನೆ.

ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ನಗರ ರೈಲು ನಿಲ್ದಾಣ, ಕೆಂಪೇಗೌಡ ಬಸ್ ನಿಲ್ದಾಣ, ನೇರಳೆ ಮತ್ತು ಹಸಿರು ಮೆಟ್ರೋ ಮಾರ್ಗಗಳ ಸಂಧಿಸ್ಥಾನ ಎಲ್ಲವೂ ಒಂದೆಡೆ ಇವೆ. ಪಕ್ಕದ ಗಾಂಧಿನಗರದಲ್ಲಿ ಇಳಿದುಕೊಂಡವನಿಗೆ ಆ ಎರಡು ಮಾರ್ಗಗಳ ಯಾವ ನಿಲ್ದಾಣಕ್ಕೂ ಬದಲಾವಣೆಯಿಲ್ಲದ ಪ್ರಯಾಣವುಂಟು. ಆದರೆ ಎಲ್ಲ ರೈಲುಗಳೂ ಅಲ್ಲಿಗೆ ಬರುವುದಿಲ್ಲ. ಕೆಲವು ಯಶವಂತಪುರದಲ್ಲಿಯೂ, ಇನ್ನು ಕೆಲವು 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಹೊಸ ನಿಲ್ದಾಣದಲ್ಲಿಯೂ ನಿಲ್ಲುತ್ತವೆ. ನಡುರಾತ್ರಿಯ ಬಳಿಕ ಮೆಟ್ರೋ ಇರುವುದಿಲ್ಲ. ಭಾನುವಾರ ಅದರ ಮೊದಲ ಗಾಡಿ ಇತರ ದಿನಗಳಿಗಿಂತ ತಡ. ಅನೇಕ ಸ್ಪರ್ಧಾಪರೀಕ್ಷೆಗಳು ನಡೆಯುವುದು ಭಾನುವಾರವೇ!

ಆದುದರಿಂದ ಕೊಠಡಿಯನ್ನು ಗೊತ್ತುಮಾಡುವ ಮುನ್ನ ಒಂದು ಚೀಟಿಯಲ್ಲಿ ನಡಿಗೆ, ಕಾಯುವಿಕೆ, ಪ್ರಯಾಣ, ಮತ್ತೆ ನಡಿಗೆ ಎಂದು ನಾಲ್ಕು ಸಾಲು ಬರೆಯಿರಿ. ಪ್ರತಿಯೊಂದರ ಎದುರಿಗೂ ಸಾಮಾನ್ಯ ದಿನದ ಕಾಲವನ್ನೂ ದುರ್ದಿನದ ಕಾಲವನ್ನೂ ನಮೂದಿಸಿ ಕೂಡಿರಿ. ಯಾವ ಹೋಟೆಲಿನ ದುರ್ದಿನದ ಮೊತ್ತ ಕಡಮೆಯೋ ಅದೇ ನಿಮಗೆ ಹತ್ತಿರದ ಹೋಟೆಲು.