ಮಗುವನ್ನು ಬಿಟ್ಟುಹೋಗುವ ಮನೆಯಲ್ಲಿ ಮೊಬೈಲು: ಹೆತ್ತವರು ಕೇಳಬೇಕಾದ ಮೂರು ಪ್ರಶ್ನೆಗಳು



ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಲ್ಲಿ ಇಂದು ತಂದೆತಾಯಿ ಇಬ್ಬರೂ ದುಡಿಯುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ತಾಯಿ, ಆಸ್ಪತ್ರೆಯಲ್ಲಿ ಪಾಳಿ ಮಾಡುವ ನರ್ಸ್, ಶಾಲೆಯ ಟೀಚರ್, ಮನೆಗೆಲಸದವರು, ಎಲ್ಲರಿಗೂ ಬೆಳಗಾದರೆ ಒಂದೇ ಚಿಂತೆ: ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಆದರೆ ಸಣ್ಣ ಅಂಗಡಿಯಲ್ಲಿ, ಬೇರೆಯವರ ಮನೆಯಲ್ಲಿ ದುಡಿಯುವವರಿಗೆ ಅದು ಎಲ್ಲಿಂದ ಬರಬೇಕು? ಹೀಗಾಗಿ ನಮ್ಮ ಎಷ್ಟೋ ಮಕ್ಕಳು ಬೆಳೆಯುವುದು ಪಕ್ಕದ ಬೀದಿಯ ಅಕ್ಕನ ಮನೆಯಲ್ಲಿ, ವಠಾರದ ಅಜ್ಜಿಯ ಮಡಿಲಲ್ಲಿ.

ಬೆಳಿಗ್ಗೆ ಮಗುವನ್ನು ಬಿಡುವಾಗ ಊಟದ ಡಬ್ಬಿ, ಹಾಲಿನ ಬಾಟಲಿ, ಜ್ವರದ ಔಷಧಿ ಎಲ್ಲದರ ಬಗ್ಗೆ ಮಾತು ನಡೆಯುತ್ತದೆ. ಆ ಮನೆಯ ಮೊಬೈಲು, ಟಿ.ವಿ., ಕ್ಯಾಮೆರಾಗಳ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ. ಹಾಗಾದರೆ ನಾವು ಕೇಳಬೇಕಾದುದೇನು? ಮೂರು ಪ್ರಶ್ನೆಗಳು ಸಾಕು. ಮಗು ಏನನ್ನು ನೋಡುತ್ತದೆ? ಮಗುವನ್ನು ಯಾರು ನೋಡುತ್ತಾರೆ? ಮಗುವಿನ ಕೈಗೆ, ಬಾಯಿಗೆ ಏನು ಸಿಗುತ್ತದೆ?

ಮೊದಲನೆಯದು: ಮಗು ಏನನ್ನು ನೋಡುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆ ಸ್ಪಷ್ಟವಾಗಿದೆ. 2 ವರ್ಷ ತುಂಬುವವರೆಗೆ ಮಗುವಿಗೆ ಪರದೆ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಇದೇ ಮಾತನ್ನು ಹೇಳಿದೆ. ಕಾರಣವೇನು? ಎಳೆಯ ಮಗು ಮಾತು ಕಲಿಯುವುದು ಕೇಳುವುದರಿಂದ ಮಾತ್ರವಲ್ಲ, ತನ್ನ ತೊದಲಿಗೆ ಯಾರಾದರೂ ಮರುಮಾತಾಡುವುದರಿಂದ. ಮೊಬೈಲು ಮಾತಾಡುತ್ತದೆ, ಆದರೆ ಮಗುವಿಗೆ ಉತ್ತರ ಕೊಡುವುದಿಲ್ಲ. ವಿಡಿಯೋ ತೋರಿಸುತ್ತಾ ತುತ್ತು ತುರುಕಿದರೆ ಹೊಟ್ಟೆ ತುಂಬಿದ್ದೂ ಮಗುವಿಗೆ ತಿಳಿಯುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಒಂದು ಹಾಡು ಮುಗಿದ ಕೂಡಲೇ ಮತ್ತೊಂದು ವಿಡಿಯೋ ತಾನಾಗಿಯೇ ಶುರುವಾಗುತ್ತದೆ. ನಾಲ್ಕನೆಯದೋ ಐದನೆಯದೋ ಏನೆಂಬುದು ಅಡುಗೆಮನೆಯಲ್ಲಿರುವವರಿಗೆ ಕಾಣುವುದಿಲ್ಲ. ಶಾಲೆ ಬಿಟ್ಟು ಬರುವ ದೊಡ್ಡ ಮಕ್ಕಳು ಅದೇ ಮನೆಯಲ್ಲಿದ್ದರೆ ಅವರು ಆಡುವ ಹೊಡೆದಾಟದ ಆಟವನ್ನು ಮೂರು ವರ್ಷದ ಮಗುವೂ ನೋಡುತ್ತದೆ.

ಹಾಗೆಂದು ನೋಡಿಕೊಳ್ಳುವವರನ್ನು ದೂರುವುದು ಸರಿಯಲ್ಲ. ನಾಲ್ಕು ಮಕ್ಕಳ ನಡುವೆ ಒಬ್ಬರೇ ಇರುವವರಿಗೆ, ಒಲೆಯ ಮೇಲೆ ಅನ್ನ ಇಟ್ಟ ಹೊತ್ತಿನಲ್ಲಿ ಮೊಬೈಲು ಇನ್ನೊಂದು ಕೈಯಂತೆ. ಆದ್ದರಿಂದ ‘ಬೇಡ’ ಎನ್ನುವುದರ ಜೊತೆಗೆ ದಾರಿಯನ್ನೂ ತೋರಿಸೋಣ. ಮಗುವಿನೊಂದಿಗೆ ಒಂದೆರಡು ಚಿತ್ರದ ಪುಸ್ತಕ, ದಪ್ಪ ಬಳಪ, ಮರದ ಆಟಿಕೆ ಕಳುಹಿಸೋಣ. ಮನೆಯ ಸೌಟು, ಸ್ಟೀಲ್ ಡಬ್ಬಿಗಳೇ ಮಗುವಿಗೆ ಅರ್ಧ ಗಂಟೆಯ ಆಟ. 2 ವರ್ಷ ದಾಟಿದವರಿಗೆ ತೋರಿಸಲೇಬೇಕಾದರೆ, ಒಂದು ನಿಗದಿತ ಹೊತ್ತಿನಲ್ಲಿ, ಮೊದಲೇ ಆರಿಸಿಟ್ಟ ಕಾರ್ಯಕ್ರಮವನ್ನು ಹಾಲಿನ ಟಿ.ವಿ.ಯಲ್ಲಿ ತೋರಿಸಲಿ. ಟಿ.ವಿ.ಯಲ್ಲಿ ಏನು ಬರುತ್ತಿದೆ ಎಂದು ಎಲ್ಲರಿಗೂ ಕಾಣುತ್ತದೆ. ಮಗುವಿನ ಕೈಯ ಮೊಬೈಲಿನಲ್ಲಿ ಕಾಣುವುದಿಲ್ಲ. ಯೂಟ್ಯೂಬಿನಲ್ಲಿ ‘ಆಟೋಪ್ಲೇ’ ಆರಿಸಿಡಬಹುದು, ‘ಯೂಟ್ಯೂಬ್ ಕಿಡ್ಸ್’ ಹಾಕಿಕೊಡಬಹುದು. ಇದನ್ನು ನಾವೇ ಕುಳಿತು ಮಾಡಿಕೊಡೋಣ.

ಎರಡನೆಯದು: ಮಗುವನ್ನು ಯಾರು ನೋಡುತ್ತಾರೆ?

ಇದು ಮೊದಲಿನದಕ್ಕಿಂತ ಗಂಭೀರವಾದುದು. ಮಗು ನಕ್ಕಾಗ, ಸ್ನಾನ ಮಾಡಿಸುವಾಗ, ನಿದ್ರಿಸುವಾಗ ಪ್ರೀತಿಯಿಂದ ಫೋಟೋ ತೆಗೆಯುತ್ತಾರೆ. ಅದು ವಾಟ್ಸಾಪ್ ಸ್ಟೇಟಸ್ಸಿಗೆ ಹೋಗುತ್ತದೆ. ಯಾರ ಬಳಿ ಆ ನಂಬರ್ ಉಳಿದಿದೆಯೋ, ಯಾರು ಅದನ್ನು ಉಳಿಸಿಕೊಂಡು ಮತ್ತಾರಿಗೆ ಕಳುಹಿಸುತ್ತಾರೋ, ತೆಗೆದವರಿಗೇ ಗೊತ್ತಿರುವುದಿಲ್ಲ.

ಇಂಗ್ಲೆಂಡಿನ ಪ್ಲಿಮತ್ ನಗರದ ಒಂದು ಶಿಶುವಿಹಾರದಲ್ಲಿ ಎಲ್ಲರ ನಂಬಿಕೆಗೆ ಪಾತ್ರಳಾಗಿದ್ದ ಕೆಲಸಗಾರ್ತಿಯೊಬ್ಬಳು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ, ತನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಇತರರಿಗೆ ಕಳುಹಿಸಿದ್ದು 2009ರಲ್ಲಿ ಬಯಲಾಯಿತು. ಆಕೆಗೆ ಅದೇ ವರ್ಷ ಶಿಕ್ಷೆಯಾಯಿತು. 2012ರಿಂದ ಇಂಗ್ಲೆಂಡಿನ ಶಿಶುಪಾಲನಾ ನಿಯಮಗಳು ಮೊಬೈಲು, ಕ್ಯಾಮೆರಾ ಬಳಕೆಯ ಬಗ್ಗೆ ಸ್ಪಷ್ಟ ನೀತಿ ಇರಬೇಕೆಂದು ವಿಧಿಸಿವೆ. ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಅದನ್ನು ಬರೆದಿಡಬೇಕಾಗಿಲ್ಲ, ಆದರೆ ಹೆತ್ತವರಿಗೆ ವಿವರಿಸಲು ಶಕ್ತರಾಗಿರಬೇಕು. ನಮ್ಮ ವಠಾರಗಳಿಗೂ ಈ ಮಾದರಿ ಸಾಕು. ಕಾಗದ ಬೇಡ, ಸ್ಪಷ್ಟವಾದ ಮಾತು ಬೇಕು.

ಆ ಮಾತು ಹೀಗಿರಲಿ: ಫೋಟೋ ತೆಗೆದರೆ ಹೆತ್ತವರ ನಂಬರಿಗೆ ಮಾತ್ರ, ಸ್ಟೇಟಸ್ ಬೇಡ, ಗುಂಪು ಬೇಡ. ಬಟ್ಟೆಯಿಲ್ಲದ ಮಗುವಿನ ಚಿತ್ರ ಯಾರಿಗೂ ಬೇಡ, ಹೆತ್ತವರಿಗೂ ಬೇಡ. ಈ ನಿಯಮ ಆ ಮನೆಯ ಗಂಡಸರಿಗೆ, ಹರೆಯದ ಮಕ್ಕಳಿಗೆ, ಬಂದುಹೋಗುವ ನೆಂಟರಿಗೆ ಎಲ್ಲರಿಗೂ ಅನ್ವಯ. ‘ಬಾ, ಮೊಬೈಲಿನಲ್ಲಿ ಗೇಮ್ ತೋರಿಸುತ್ತೇನೆ’ ಎಂದು ಯಾರೂ ಮಗುವನ್ನು ಒಂಟಿಯಾಗಿ ಕೋಣೆಯೊಳಗೆ ಕರೆದೊಯ್ಯಬಾರದು.

ಕೆಲವು ಮನೆಗಳಲ್ಲಿ ಈಗ ಕ್ಯಾಮೆರಾ ಇದೆ. ಅದರ ಪಾಸ್‌ವರ್ಡ್ ಕಂಪನಿ ಕೊಟ್ಟದ್ದೇ ಇದ್ದರೆ ಬದಲಿಸಬೇಕು. ದೃಶ್ಯ ಯಾರ ಯಾರ ಮೊಬೈಲಿನಲ್ಲಿ ಕಾಣುತ್ತದೆ ಎಂದು ಕೇಳಬೇಕು. ಬಚ್ಚಲಿನತ್ತ, ಬಟ್ಟೆ ಬದಲಿಸುವ ಜಾಗದತ್ತ ಅದು ತಿರುಗಿರಬಾರದು. ನೋಡಿಕೊಳ್ಳುವವರಿಗೆ ತಿಳಿಸದೆ ಗುಟ್ಟಾಗಿ ಕ್ಯಾಮೆರಾ ಇಡುವುದೂ ತಪ್ಪು. ಅವರಿಗೂ ಮರ್ಯಾದೆ ಇದೆ.

ಮೂರನೆಯದು: ಮಗುವಿನ ಕೈಗೆ, ಬಾಯಿಗೆ ಏನು ಸಿಗುತ್ತದೆ?

ನಾಣ್ಯದಂತೆ ಚಪ್ಪಟೆಯಾಗಿ ಹೊಳೆಯುವ ಬಟನ್ ಸೆಲ್ ಅನ್ನು ನಾವೆಲ್ಲರೂ ನೋಡಿದ್ದೇವೆ. ಅದು ರಿಮೋಟಿನಲ್ಲಿದೆ, ಆಟಿಕೆಯಲ್ಲಿದೆ, ತೂಕದ ಯಂತ್ರದಲ್ಲಿದೆ. ಕ್ರಿಸ್ಮಸ್ ಗೋದಲಿಯಲ್ಲಿ ಮಿನುಗುವ ಪುಟ್ಟ ಮೇಣದಬತ್ತಿ ದೀಪದಲ್ಲೂ ಇರಬಹುದು. 20 ಮಿಲಿಮೀಟರಿನ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ತೀವ್ರವಾಗಿ ಸುಡಬಲ್ಲದು. ನುಂಗಿದ್ದನ್ನು ಯಾರೂ ನೋಡಿರದಿದ್ದರೆ ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ಕೆಮ್ಮು ಇಷ್ಟೇ ಕಾಣಿಸಬಹುದು. ನೆಗಡಿಯೆಂದು ತಿಳಿದು ಸುಮ್ಮನಿರುವ ಅಪಾಯವಿದೆ. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಊಟ ಕೊಡದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಓಡಬೇಕು. ಸಂಜೆ ತಂದೆತಾಯಿ ಬರಲಿ ಎಂದು ಕಾಯಬಾರದು. ಈ ಮಾತನ್ನು ನೋಡಿಕೊಳ್ಳುವವರಿಗೆ ಮೊದಲೇ ಹೇಳಿ, ‘ನಮಗೆ ಫೋನ್ ಮಾಡುವ ಮುಂಚೆ ಆಟೋ ಹತ್ತಿ’ ಎಂದು ಧೈರ್ಯ ಕೊಡಬೇಕು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಗಟ್ಟಿ ಟೇಪು ಸುತ್ತಿಡಬೇಕು.

ಚಾರ್ಜರಿನ ಸ್ವಿಚ್ ಆರಿಸದೆ ವೈರನ್ನು ನೇತಾಡಲು ಬಿಟ್ಟರೆ ಅಂಬೆಗಾಲಿಡುವ ಮಗು ಅದನ್ನು ಬಾಯಿಗಿಡುತ್ತದೆ. ಉದ್ದದ ವೈರ್ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಚಾರ್ಜಿಂಗ್ ಎತ್ತರದಲ್ಲಿರಲಿ, ಕೆಳಗಿನ ಸಾಕೆಟ್ಟಿಗೆ ಮುಚ್ಚಳವಿರಲಿ.

ಮಾತನಾಡುವುದು ಹೇಗೆ?

‘ಹೀಗೆ ಕೇಳಿದರೆ ಅವರಿಗೆ ಬೇಸರವಾಗದೇ?’ ಎಂದು ಹಿಂಜರಿಯುವುದು ಸಹಜ. ಆದರೆ ಮೊದಲ ದಿನವೇ, ಎಲ್ಲ ಮಕ್ಕಳ ಹೆತ್ತವರೂ ಒಟ್ಟಾಗಿ ಆಡಿದ ಮಾತು ಸಂಶಯದಂತೆ ಕೇಳಿಸುವುದಿಲ್ಲ. ‘ಅಕ್ಕಾ, ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ, ನಾಳೆ ಯಾರೂ ನಿಮ್ಮ ಮೇಲೆ ಬೆರಳು ತೋರಿಸಬಾರದಲ್ಲ’ ಎಂದರೆ ಅವರಿಗೂ ಅರ್ಥವಾಗುತ್ತದೆ. ನಮ್ಮ ಕಡೆಯಿಂದಲೂ ಶಿಸ್ತು ಬೇಕು. ಗಂಟೆಗೊಮ್ಮೆ ‘ಮಗುವಿನ ಫೋಟೋ ಕಳಿಸಿ’ ಎಂದು ಕೇಳಿದರೆ, ಅವರ ಕೈಯಿಂದ ಮೊಬೈಲು ಇಳಿಯುವುದಾದರೂ ಹೇಗೆ? ಮಧ್ಯಾಹ್ನ ಒಂದು ಕರೆ ಸಾಕು.

ಕೊನೆಯದಾಗಿ, ಕಹಿಯಾದರೂ ಹೇಳಲೇಬೇಕಾದ ಮಾತು. ಮಗು ‘ಆ ಅಣ್ಣ ನನ್ನ ಫೋಟೋ ತೆಗೆದ’, ‘ಅವರ ಮೊಬೈಲಿನಲ್ಲಿ ಕೆಟ್ಟದ್ದು ನೋಡಿದೆ’ ಎಂದರೆ ಗದರಬೇಡಿ, ಹತ್ತು ಸಲ ಕೆದಕಬೇಡಿ, ನಂಬಿ ಕೇಳಿ. ‘ಮಾನ ಹೋಗುತ್ತದೆ’ ಎಂದು ಮುಚ್ಚಿಡುವವರು ಮಗುವನ್ನಲ್ಲ, ತಪ್ಪಿತಸ್ಥನನ್ನು ಕಾಪಾಡುತ್ತಾರೆ. 2012ರ ಪೋಕ್ಸೋ ಕಾಯ್ದೆಯಂತೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರವಿಲ್ಲದ ಅಧಿಕಾರಿ ಪಡೆಯಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಮಕ್ಕಳ ಅಶ್ಲೀಲ ಚಿತ್ರಗಳನ್ನು ನೋಡುವುದು, ಇಟ್ಟುಕೊಳ್ಳುವುದು ಕೂಡ ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಆದ್ದರಿಂದ ‘ಸಾಕ್ಷಿಗೆ ಇರಲಿ’ ಎಂದು ಅಂತಹ ಚಿತ್ರವನ್ನು ಯಾರಿಗೂ ಕಳುಹಿಸದೆ, ಮೊಬೈಲನ್ನೇ ಪೊಲೀಸರಿಗೆ ಒಪ್ಪಿಸಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112, ಇವೆರಡನ್ನೂ ಇಂದೇ ಬರೆದು ಆ ಮನೆಯ ಗೋಡೆಗೆ, ನಮ್ಮ ಮನೆಯ ಗೋಡೆಗೆ ಅಂಟಿಸೋಣ.

ಪ್ರಿಯರೇ, ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ದೊಡ್ಡ ನಂಬಿಕೆ. ಆ ನಂಬಿಕೆ ಮೌನದಿಂದ ಗಟ್ಟಿಯಾಗುವುದಿಲ್ಲ, ಮುಕ್ತವಾದ ಮಾತಿನಿಂದ ಗಟ್ಟಿಯಾಗುತ್ತದೆ. ಈ ವಾರವೇ ಆ ಮಾತನ್ನು ಆಡೋಣ. ನಮ್ಮ ಮಕ್ಕಳು ಕ್ಷೇಮವಾಗಿ ಬೆಳೆಯಲಿ. ಅವರನ್ನು ಕಾಯುವ ಕೈಗಳೂ ಗೌರವದಿಂದ ಬಾಳಲಿ.